ಏಪ್ರಿಲ್ ಧಗೆಯಲ್ಲಿ ಬಾಲ್ ಪೈಥಾನ್ ತತ್ತಿ

ಪ್ರಶ್ನೆ: ನಾನು ಬಾಗಲಕೋಟೆ ನವನಗರದವನು. ನಾಲ್ಕು ವರ್ಷದಿಂದ ಒಂದು ಜೋಡಿ ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು) ಸಾಕಿದ್ದೇನೆ. ಎರಡೂ ಕೇಂದ್ರ ಪರಿಸರ ಸಚಿವಾಲಯದ ಜಾಲತಾಣ ಪರಿವೇಶ್‌ನಲ್ಲಿ ನೋಂದಣಿಯಾಗಿವೆ. ನಾಲ್ಕು ದಿನದ ಹಿಂದೆ ಹೆಣ್ಣು ಆರು ತತ್ತಿ ಇಟ್ಟಿತು. ಐದು ಒಂದಕ್ಕೊಂದು ಅಂಟಿಕೊಂಡಿವೆ. ಒಂದು ಮಾತ್ರ ಸಣ್ಣದು, ಹಳದಿ, ಬೇರೆಯಾಗಿ ಬಿದ್ದಿತ್ತು. ಒದ್ದೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಾಕಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎಲ್ಲವನ್ನೂ ಇಟ್ಟು, ಡಬ್ಬಿಯನ್ನು ಮೇಲ್ಮನೆಯ ಕಪಾಟಿನಲ್ಲಿ ಇಟ್ಟಿದ್ದೇನೆ. ಮಧ್ಯಾಹ್ನ ಅಲ್ಲಿ 36 ಡಿಗ್ರಿ ತೋರಿಸುತ್ತದೆ. ಮಾವನ ಹತ್ತಿರ ಜವಾರಿ ಕೋಳಿ ತತ್ತಿಗೆ ಬಳಸುವ ಇನ್‌ಕ್ಯುಬೇಟರ್ ಇದೆ, ತಾನೇ ತತ್ತಿ ಹೊರಳಿಸುತ್ತದೆ. ಅದರಲ್ಲಿ ಇಡಬಹುದೇ? ನಮ್ಮ ಅಜ್ಜಿ ‘ದಿನಾ ತಿರುವಿ ಇಡು, ಇಲ್ಲಂದ್ರ ಮರಿ ಒಂದ ಕಡೆ ಅಂಟಕೋತದ’ ಅಂತಾಳೆ. ಮಧ್ಯಾಹ್ನ ಕರೆಂಟ್ ಹೋಗುವುದೂ ಉಂಟು. ಮೊದಲ ಸಲ. ಏನು ಮಾಡಲಿ?

ಉತ್ತರ: ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಕಪಾಟಿನಿಂದ ಆ ಡಬ್ಬಿಯನ್ನು ತೆಗೆದು, ವಾಲಿಸದೆ, ಕುಲುಕದೆ, ಕೆಳಗಿನ ಮನೆಯ ಎಲ್ಲಕ್ಕಿಂತ ತಂಪಾದ ಕೋಣೆಯ ನೆಲದ ಮೇಲೆ ಇಡಿ. ಸ್ಲ್ಯಾಬಿನ ಕೆಳಗಿನ ಕೋಣೆ ಹಗಲೆಲ್ಲ ಹೀರಿಕೊಂಡ ಬಿಸಿಲನ್ನು ರಾತ್ರಿ ಹತ್ತರವರೆಗೂ ಉಗುಳುತ್ತಿರುತ್ತದೆ. ಇಟ್ಟು ಬಂದಿರಾ? ಇನ್ನು ಮಾತಾಡೋಣ.

ಬಾಲ್ ಪೈಥಾನ್ ತತ್ತಿಗೆ ಬೇಕಾದ ಕಾವು 31ರಿಂದ 32 ಡಿಗ್ರಿ ಸೆಲ್ಸಿಯಸ್. ಅಷ್ಟು ಕೊಟ್ಟರೆ 55ರಿಂದ 60 ದಿನಕ್ಕೆ ಮರಿ ಹೊರಬರುತ್ತದೆ. ಕೋಳಿ ತತ್ತಿಯ ಯಂತ್ರ 37.5ಕ್ಕೆ ನಿಂತಿರುತ್ತದೆ. ಆ ಬಿಸಿಯಲ್ಲಿ ಹಾವಿನ ತತ್ತಿ ಬದುಕುವುದಿಲ್ಲ. ಯಂತ್ರದ ಡಿಗ್ರಿ ಇಳಿಸಿ ಬಳಸಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಹೊರಳಿಸುವ ಮೋಟಾರು ಕಿತ್ತು ಹಾಕಿದರೂ ಅದರೊಳಗಿನ ಫ್ಯಾನು ಗಾಳಿಯನ್ನು ಒಣಗಿಸುತ್ತದೆ. ಹಾವಿನ ತತ್ತಿಯ ಸಿಪ್ಪೆ ತೊಗಲಿನಂಥದ್ದು, ಕೋಳಿ ತತ್ತಿಯ ಹಾಗೆ ಗಟ್ಟಿ ಸುಣ್ಣದ್ದಲ್ಲ, ನೀರು ಒಳಗೂ ಹೋಗುತ್ತದೆ, ಹೊರಗೂ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ, ಆ ಯಂತ್ರಕ್ಕೆ ಬಿಸಿ ಮಾಡುವುದು ಮಾತ್ರ ಗೊತ್ತು. ಕೋಣೆಯೇ 36 ಇದ್ದರೆ ಅದು ಹೀಟರ್ ಆರಿಸಿ ಸುಮ್ಮನೆ ಕೂರುತ್ತದೆ, ತತ್ತಿಯೂ 36ರಲ್ಲೇ ಕೂರುತ್ತದೆ.

ನೀವು ನೋಡಿರುವ ವಿಡಿಯೊಗಳಲ್ಲಿ ಹೆಚ್ಚಿನವು ಚಳಿ ದೇಶದವು. ಅಲ್ಲಿಯವರ ಚಿಂತೆಯೆಲ್ಲ ತತ್ತಿಯನ್ನು ಬೆಚ್ಚಗಿಡುವುದು ಹೇಗೆ ಅಂತ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಚಿಂತೆ ಅದರ ತಿರುವುಮುರುವು. ಒಂದು ರಾತ್ರಿ ಕಾವು 28ಕ್ಕೆ ಇಳಿದರೆ ಮರಿ ಒಂದು ದಿನ ತಡವಾಗಿ ಬರುತ್ತದೆ, ಅಷ್ಟೇ. 34 ದಾಟಿ ಗಂಟೆಗಟ್ಟಲೆ ನಿಂತರೆ ಬೆನ್ನುಮೂಳೆ ಸೊಟ್ಟಗಾದ ಮರಿ ಹುಟ್ಟಬಹುದು, ಇನ್ನೂ ಮೇಲೇರಿದರೆ ತತ್ತಿಯೊಳಗೇ ಸಾಯುತ್ತದೆ. ಹಾಗಾಗಿ ಎರಡರಲ್ಲಿ ಒಂದು ಕಡೆ ತಪ್ಪಲೇಬೇಕಾಗಿ ಬಂದರೆ ತಂಪಿನ ಕಡೆಗೆ ತಪ್ಪಿ.

ಘಾನಾ, ಟೋಗೊ, ಬೆನಿನ್ ಕಡೆಯ ಬಯಲಿನಲ್ಲಿ ಈ ಹಾವು ಇಲಿ ಬಿಲದಲ್ಲೋ ಹಳೇ ಹುತ್ತದಲ್ಲೋ ತತ್ತಿ ಇಟ್ಟು ಸುತ್ತ ಸುರುಳಿ ಹಾಕಿ ಎರಡು ತಿಂಗಳು ಕೂರುತ್ತದೆ. ಮೇಲೆ ಎಷ್ಟೇ ಬಿಸಿಲಿರಲಿ, ನೆಲದೊಳಗೆ ಹಗಲು ರಾತ್ರಿ ಹೆಚ್ಚು ಕಡಿಮೆ ಒಂದೇ ಹದ. ನಮ್ಮ ಹಿರಿಯರು ಜೋಳ ತುಂಬಿಡುತ್ತಿದ್ದ ಹಗೇವು ನೆನಪಿಸಿಕೊಳ್ಳಿ. ನೀವೀಗ ಮಾಡಬೇಕಾದದ್ದು ಒಂದು ಪುಟ್ಟ ಹಗೇವು.

ಮೂರು ಸೆಂಟಿಮೀಟರ್ ದಪ್ಪದ ಥರ್ಮೋಕೋಲ್ ಪೆಟ್ಟಿಗೆ ತನ್ನಿ. ತಂಪಿನಲ್ಲಿ ಬರುವ ಔಷಧಿಗಳನ್ನು ತರಿಸುವ ಮೆಡಿಕಲ್ ಅಂಗಡಿಯವರ ಹತ್ತಿರ ಖಾಲಿ ಬಿದ್ದಿರುತ್ತವೆ, ಕೇಳಿದರೆ ಕೊಡುತ್ತಾರೆ. ಅದರ ತಳದಲ್ಲಿ ನೀರು ತುಂಬಿದ ಒಂದು ಲೀಟರಿನ ಎಂಟು ಬಾಟಲಿ ಮಲಗಿಸಿ, ಅವುಗಳ ಮೇಲೆ ತತ್ತಿ ಡಬ್ಬಿ ಇಡಿ. ಈ ನೀರೇ ನಿಮ್ಮ ಇನ್ವರ್ಟರ್. ನೀರು ನಿಧಾನ ಬಿಸಿಯಾಗುತ್ತದೆ, ನಿಧಾನ ಆರುತ್ತದೆ. ಒಂದು ಸಾಧಾರಣ ಪೆಟ್ಟಿಗೆಗೆ ನಾನು ಹಾಕಿದ ಲೆಕ್ಕದಲ್ಲಿ, ಕರೆಂಟ್ ಹೋಗಿ ಕೋಣೆ 40ಕ್ಕೆ ಏರಿದರೂ ಎಂಟು ಲೀಟರ್ ನೀರಿರುವ ಪೆಟ್ಟಿಗೆಯೊಳಗೆ ಗಂಟೆಗೆ ಒಂದು ಡಿಗ್ರಿಗಿಂತ ಕಡಿಮೆ ಏರುತ್ತದೆ. ಎರಡು ಗಂಟೆ ಕರೆಂಟ್ ಇಲ್ಲದಿದ್ದರೆ 31.5 ಇದ್ದದ್ದು 33ರೊಳಗೇ ಇರುತ್ತದೆ. ಆದರೆ ಮುಚ್ಚಳ ತೆಗೆದು ತೆಗೆದು ನೋಡಿದಿರೋ, ಈ ಲೆಕ್ಕ ಮುಗಿಯಿತು.

ಬಿಸಿಗೆ 15ರಿಂದ 20 ವ್ಯಾಟಿನ ಹೀಟ್ ಮ್ಯಾಟ್ ಸಾಕು, ಅದೂ ಹದಕ್ಕೆ ಬಂದಾಗ ತಾನೇ ಬಿಸಿ ಆರಿಸುವ ಥರ್ಮೋಸ್ಟಾಟ್ ಜೊತೆಗೇ, 31.5ಕ್ಕೆ ಕಟ್ಟಿ. ಬಲ್ಬ್ ಬೇಡ. ಪೆಟ್ಟಿಗೆಯನ್ನು ಎಸಿ ಇರುವ ಕೋಣೆಯಲ್ಲಿ 27-28ಕ್ಕೆ ಇಟ್ಟರೆ ಎಲ್ಲಕ್ಕಿಂತ ಸುಲಭ, ಕೋಣೆ ತಂಪಾಗಿರುತ್ತದೆ, ಉಳಿದ ಮೂರು ನಾಲ್ಕು ಡಿಗ್ರಿಯನ್ನು ಮ್ಯಾಟ್ ನೋಡಿಕೊಳ್ಳುತ್ತದೆ. ಎಸಿ ಇಲ್ಲವೇ? ಏರ್ ಕೂಲರ್ ಕೂಡ ನಡೆಯುತ್ತದೆ. ಕರಾವಳಿಯಲ್ಲಿ ಕೂಲರ್ ದಂಡ, ನಮ್ಮ ಒಣ ಹವೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಜೂನ್‌ನಲ್ಲಿ ಮೋಡ ಕವಿದ ಮೇಲೆ ಅದರ ಜೋರು ಕಡಿಮೆಯಾಗುತ್ತದೆ, ಆ ಹೊತ್ತಿಗೆ ಧಗೆಯೂ ಇಳಿದಿರುತ್ತದೆ. ಯಾವತ್ತಾದರೂ ಒಳಗೆ 32.5 ದಾಟುತ್ತಿದೆ ಅನ್ನಿಸಿದರೆ, ಒಂದು ಬಾಟಲಿ ತೆಗೆದು ಫ್ರಿಜ್ಜಿನಲ್ಲಿ ತಂಪಾದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಇಡಿ. ಹೆಪ್ಪುಗಟ್ಟಿದ್ದು ಬೇಡ. ತತ್ತಿಗೆ ತಾಗಿಸಲೂ ಬೇಡ.

ಥರ್ಮಾಮೀಟರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಾನು ಕೈ ಸುಟ್ಟುಕೊಂಡದ್ದು ಅಲ್ಲೇ. ನನ್ನ ಮೊದಲ ಸಲ ಐದು ತತ್ತಿ ಇದ್ದವು. ನೂರೈವತ್ತು ರೂಪಾಯಿಯ ಡಿಜಿಟಲ್ ಥರ್ಮಾಮೀಟರನ್ನು ಪೆಟ್ಟಿಗೆಯ ಗೋಡೆಗೆ ಟೇಪ್ ಹಾಕಿ ಅಂಟಿಸಿದ್ದೆ. ಅಷ್ಟು ದಿನವೂ ಅದು 32 ಎಂದೇ ತೋರಿಸಿತು, ನಾನೂ ನಂಬಿದೆ. ಮರಿಗಳು ಐವತ್ತೊಂದನೇ ದಿನವೇ ತತ್ತಿ ಒಡೆದವು. ಬೇಗ ಬಂದವಲ್ಲ ಎಂದು ಖುಷಿಪಟ್ಟೆ. ಮೂರನೇ ಮರಿ ಹೊರಬಂದಾಗ ನಡುಬೆನ್ನಿನಲ್ಲಿ ಎರಡು ಕಡೆ ಕುಡುಗೋಲಿನ ಹಾಗೆ ಮಡಿಚಿತ್ತು. ನಾಲ್ಕನೆಯದ್ದು ಹೊರಗೇ ಬರಲಿಲ್ಲ. ಆಮೇಲೆ ಪರೀಕ್ಷೆ ಮಾಡಿದರೆ ಆ ಥರ್ಮಾಮೀಟರ್ ಎರಡು ಡಿಗ್ರಿ ಕಡಿಮೆ ಓದುತ್ತಿತ್ತು.

ಆ ಪರೀಕ್ಷೆಯನ್ನು ನೀವು ಇವತ್ತೇ ಮಾಡಿ, ಐದು ನಿಮಿಷದ ಕೆಲಸ. ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದು ತುಂಬುವಷ್ಟು ಮಾತ್ರ ನೀರು ಹಾಕಿ ಕಲಕಿ, ವೈರಿನ ತುದಿಯ ಸೆನ್ಸರ್ ಅದರ ನಡುವೆ ಮುಳುಗಿಸಿ. ಸೊನ್ನೆ ತೋರಿಸಬೇಕು. ಒಂದೂವರೆ ತೋರಿಸಿದರೆ ಅದು ಹೇಳುವ ಪ್ರತಿ ಅಂಕಿಯಿಂದ ಒಂದೂವರೆ ಕಳೆಯಿರಿ, ಇಲ್ಲವೇ ಬೇರೆಯದು ತನ್ನಿ. ಥರ್ಮೋಸ್ಟಾಟಿನ ಸೆನ್ಸರ್ ಬೇರೆ, ನೋಡುವ ಥರ್ಮಾಮೀಟರ್ ಬೇರೆ ಇರಲಿ, ಎರಡರ ತುದಿಯೂ ತತ್ತಿಯ ಎತ್ತರಕ್ಕೇ ಇರಲಿ. ಗೋಡೆಯ ಬಿಸಿ ತತ್ತಿಯ ಬಿಸಿಯಲ್ಲ.

ಇನ್ನು ಅಜ್ಜಿಯ ಮಾತು. ಕೋಳಿ ವಿಷಯದಲ್ಲಿ ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ, ಅದನ್ನು ಅವರಿಗೆ ಹೇಳಿ. ಕೋಳಿ ತತ್ತಿಯೊಳಗೆ ಹಳದಿಯನ್ನು ಎರಡೂ ಕಡೆ ಹುರಿಯಂಥ ಬಿಳಿ ದಾರ ಹಿಡಿದಿರುತ್ತದೆ. ಒಡೆದ ತತ್ತಿಯಲ್ಲಿ ನೀವೂ ನೋಡಿರುತ್ತೀರಿ. ತತ್ತಿ ಹೊರಳಿದರೂ ಹಳದಿ ತಿರುಗಿ ಮರಿಯ ಕಡೆಯನ್ನು ಮತ್ತೆ ಮೇಲಕ್ಕೆ ತರುತ್ತದೆ. ತಿರುವದಿದ್ದರೆ ಭ್ರೂಣ ಪೊರೆಗೆ ಅಂಟಿ ಕೆಡುತ್ತದೆ. ಅದಕ್ಕೇ ಕಾವಿಗೆ ಕುಳಿತ ಹ್ಯಾಟೆ ಕೊಕ್ಕಿನಿಂದ ತತ್ತಿ ಹೊರಳಿಸುತ್ತಲೇ ಇರುತ್ತದೆ. ಹಾವಿನ ತತ್ತಿಯಲ್ಲಿ ಆ ದಾರ ಇಲ್ಲ. ಇಟ್ಟ ಒಂದೆರಡು ದಿನದೊಳಗೆ ಭ್ರೂಣದ ಪೊರೆಗಳು ಸಿಪ್ಪೆಯ ಮೇಲ್ಭಾಗದ ಒಳಬದಿಗೆ ಹತ್ತಿಕೊಳ್ಳುತ್ತವೆ, ಅಲ್ಲಿಂದಲೇ ಅದಕ್ಕೆ ಗಾಳಿ. ಆಮೇಲೆ ತಿರುವಿದರೆ ಹಳದಿಯ ಭಾರವೆಲ್ಲ ಆ ಎಳೇ ಜೀವದ ಮೇಲೆ ಬೀಳುತ್ತದೆ, ರಕ್ತನಾಳ ಹರಿಯಬಹುದು. ಅಲ್ಲಿ ಅಂಟಿಕೊಳ್ಳುವುದು ರೋಗ, ಇಲ್ಲಿ ಅಂಟಿಕೊಳ್ಳುವುದೇ ಬದುಕು. ನಿಮ್ಮ ತತ್ತಿಗೆ ನಾಲ್ಕು ದಿನ ಆಗಿದೆ. ಈಗ ಯಾವ ಮಗ್ಗುಲು ಮೇಲಿದೆಯೋ ಅದೇ ಕೊನೆಯ ದಿನದವರೆಗೂ ಮೇಲಿರಬೇಕು. ಮೆತ್ತನೆಯ ಪೆನ್ಸಿಲ್‌ನಿಂದ ಪ್ರತಿ ತತ್ತಿಯ ನೆತ್ತಿಗೆ ಒಂದು ಗೀಟು ಎಳೆಯಿರಿ. ಮಾರ್ಕರ್ ಪೆನ್ನು ಬೇಡ. ಅಂಟಿಕೊಂಡ ಐದನ್ನು ಬಿಡಿಸಲು ಹೋಗಬೇಡಿ, ಗೊಂಚಲನ್ನು ಗೊಂಚಲಾಗಿಯೇ ಅಂಗೈ ಮೇಲೆ ಎತ್ತಿ ಸಾಗಿಸಿ.

ಸಾಗಿಸುವುದು ಎಲ್ಲಿಗೆ ಅಂದರೆ, ಕೊಕೊಪೀಟಿನಿಂದ ವರ್ಮಿಕ್ಯುಲೈಟ್‌ಗೆ. ಕೊಕೊಪೀಟ್ ಎಷ್ಟು ನೀರು ಕುಡಿದಿದೆ ಎಂದು ಹೊಸಬರಿಗೆ ತಿಳಿಯುವುದೇ ಇಲ್ಲ, ಮೇಲೆ ಒಣಗಿದಂತೆ ಕಂಡರೂ ಕೆಳಗೆ ಕೆಸರಾಗಿರುತ್ತದೆ. ವರ್ಮಿಕ್ಯುಲೈಟ್ ಅಂದರೆ ನೀರು ಹಿಡಿದಿಡುವ ಹಗುರ ಖನಿಜದ ಚೂರು, ಸಸಿ ಬೆಳೆಸುವವರ ಹತ್ತಿರ ಸಿಗುತ್ತದೆ. ತೋಟಗಾರಿಕೆ ವಿಶ್ವವಿದ್ಯಾಲಯವೇ ನಿಮ್ಮ ಊರಲ್ಲಿದೆ, ನರ್ಸರಿಯವರಿಗೆ ಹೆಸರು ಹೇಳಿದರೆ ಸಾಕು. 300 ಗ್ರಾಂ ವರ್ಮಿಕ್ಯುಲೈಟ್‌ಗೆ 300 ಗ್ರಾಂ ನೀರು, ಅಳತೆ ಲೋಟದಲ್ಲಿ ಬೇಡ, ತಕ್ಕಡಿಯಲ್ಲಿ ತೂಗಿ. ಕಲಸಿ ಮುಷ್ಟಿ ತುಂಬ ಹಿಡಿದು ಒತ್ತಿದರೆ ಉಂಡೆಯಾಗಬೇಕು, ಬೆರಳ ಸಂದಿನಿಂದ ನೀರು ಜಿನುಗಬಾರದು. ಇದನ್ನು ಮೂರ್ನಾಲ್ಕು ಸೆಂಟಿಮೀಟರ್ ದಪ್ಪ ಹರಡಿ, ಮೇಲೆ ಪಾತ್ರೆ ಸೋರಿಸುವಂಥ ಪ್ಲಾಸ್ಟಿಕ್ ಜಾಲರಿ ಇಟ್ಟು, ಜಾಲರಿಯ ಮೇಲೆ ಗೊಂಚಲು ಇಡಿ. ತತ್ತಿಗೆ ಹಸಿ ತಾಗದೆ, ಸುತ್ತಲ ಗಾಳಿ ಮಾತ್ರ ತೇವವಾಗಿರುತ್ತದೆ. ತತ್ತಿಯನ್ನು ವರ್ಮಿಕ್ಯುಲೈಟಿನಲ್ಲೇ ಅರ್ಧ ಹೂಳುವವರೂ ಇದ್ದಾರೆ, ಪಳಗಿದ ಕೈಗೆ ಅದೂ ಸರಿ. ಮೊದಲ ಸಲದವರಿಗೆ ಜಾಲರಿಯೇ ವಾಸಿ ಎನ್ನುವುದು ನನ್ನ ಅಭಿಪ್ರಾಯ, ನೀರಿನ ಅಳತೆ ಸ್ವಲ್ಪ ಹೆಚ್ಚು ಕಡಿಮೆಯಾದರೂ ಅದು ಕ್ಷಮಿಸುತ್ತದೆ.

ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಹೊರಗೆ ಹವೆ ಎಷ್ಟೇ ಒಣಗಿರಲಿ, ಒಳಗಿನ ತೇವ ಒಳಗೇ ಇರುತ್ತದೆ, ಅದು ಶೇಕಡಾ ನೂರರ ಹತ್ತಿರ ಇರಬೇಕಾದದ್ದೇ. ಮುಚ್ಚಳದ ಒಳಗೆ ಹನಿ ಕಟ್ಟುತ್ತದೆ, ಆ ಹನಿ ತತ್ತಿ ಮೇಲೆ ತೊಟ್ಟಿಕ್ಕಬಾರದು. ಅದಕ್ಕೆ ತತ್ತಿಗಳ ಮೇಲೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಚಾವಣಿಯ ಹಾಗೆ ಓರೆಯಾಗಿ ನಿಲ್ಲಿಸಿ, ಹನಿ ಬದಿಗೆ ಜಾರಿಹೋಗುತ್ತದೆ. ವಾರಕ್ಕೊಮ್ಮೆ ಮುಚ್ಚಳ ತೆಗೆದು ಅದರಿಂದಲೇ ನಾಲ್ಕು ಸಲ ಬೀಸಿ ಮುಚ್ಚಿ. ಕೊನೆಯ ಹದಿನೈದು ದಿನ ಮರಿಗೆ ಹೆಚ್ಚು ಗಾಳಿ ಬೇಕು, ಆಗ ಎರಡು ದಿನಕ್ಕೊಮ್ಮೆ.

ಆ ಹಳದಿ ತತ್ತಿ ಬಹುಶಃ ಗೊಡ್ಡು. ಆದರೂ ಎಸೆಯುವ ಮೊದಲು ರಾತ್ರಿ ದೀಪ ಆರಿಸಿ, ಎತ್ತದೆ, ಪಕ್ಕದಿಂದ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಜೀವ ಇದ್ದ ತತ್ತಿ ಒಳಗಿನಿಂದ ನಸುಗೆಂಪಾಗಿ ಬೆಳಗುತ್ತದೆ, ಅರಳಿ ಎಲೆಯ ನರಗಳ ಹಾಗೆ ಕೆಂಪು ಗೆರೆ ಕವಲೊಡೆದಿರುತ್ತವೆ. ಗೊಡ್ಡು ತತ್ತಿ ಹಳದಿ ಮೇಣದ ಉಂಡೆಯ ಹಾಗೆ ಕಾಣುತ್ತದೆ, ಗೆರೆ ಇರುವುದಿಲ್ಲ. ಬೇರೆಯಾಗಿಯೇ ಇರುವುದರಿಂದ ಅದನ್ನು ತೆಗೆದುಬಿಡಬಹುದು. ಗೊಂಚಲಿನೊಳಗಿನ ಯಾವುದಾದರೂ ಮುಂದೆ ಕೆಟ್ಟು ಬೂಸ್ಟು ಹಿಡಿದರೆ ಮಾತ್ರ ಕೀಳಬೇಡಿ. ಗಟ್ಟಿ ತತ್ತಿ ಪಕ್ಕದ ಬೂಸ್ಟಿಗೆ ಸುಲಭಕ್ಕೆ ಬಗ್ಗುವುದಿಲ್ಲ, ಕೀಳುವ ಭರದಲ್ಲಿ ಸಿಪ್ಪೆ ಹರಿಯುವುದೇ ದೊಡ್ಡ ಅಪಾಯ. ಗಂಡಿನ ಜೊತೆ ಬಿಟ್ಟಿದ್ದೆ, ಆದರೂ ಗೊಡ್ಡು ಯಾಕೆ ಎಂದು ಬೇಸರ ಬೇಡ, ಒಂದೋ ಎರಡೋ ಹಾಗಾಗುವುದು ಸಾಮಾನ್ಯ. ಇದರ ಉಲ್ಟಾ ಕಥೆಯೂ ಇದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಒಂದು ಬಾಲ್ ಪೈಥಾನ್, 15 ವರ್ಷಕ್ಕೂ ಹೆಚ್ಚು ಕಾಲ ಗಂಡಿನ ಮುಖ ನೋಡದೆ, 2020ರಲ್ಲಿ ಏಳು ತತ್ತಿ ಇಟ್ಟು ಸುದ್ದಿಯಾಗಿತ್ತು.

ಬಿಸಿ ಹೆಚ್ಚಿದರೆ ಗಂಡು, ಕಡಿಮೆಯಾದರೆ ಹೆಣ್ಣು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಕೃಷ್ಣೆಯ ಮೊಸಳೆಯ ಲೆಕ್ಕ, ಅದರ ತತ್ತಿಯಲ್ಲಿ ಗೂಡಿನ ಬಿಸಿಯೇ ಲಿಂಗ ತೀರ್ಮಾನಿಸುತ್ತದೆ. ಹಾವಿನಲ್ಲಿ ಹಾಗಿಲ್ಲ.

ಮುಂದಿನ ಒಂದೂವರೆ ತಿಂಗಳು ನಿಮಗೆ ಕೆಲಸವೇ ಇಲ್ಲ, ಅದೇ ಕಷ್ಟ. ಮೊದಲ ತಿಂಗಳಲ್ಲೇ ತತ್ತಿ ತಗ್ಗು ಬಿದ್ದರೆ ತೇವ ಸಾಲದು ಅಂತ ಅರ್ಥ. ವರ್ಮಿಕ್ಯುಲೈಟಿನ ಅಂಚಿಗೆ, ತತ್ತಿಗೆ ತಾಗದಂತೆ, ಕೋಣೆಯ ಹದದ ನೀರು ಎರಡು ಚಮಚ ಹಾಕಿ. ಆದರೆ 45ನೇ ದಿನದ ಮೇಲೆ ತತ್ತಿಗಳು ಗಾಳಿ ಹೋದ ಚೆಂಡಿನ ಹಾಗೆ ಕುಗ್ಗಲು ಶುರುವಾಗುತ್ತವೆ, ಆಗ ಹೆದರಿ ನೀರು ಸುರಿಯಬೇಡಿ. ಅದು ಆಗಬೇಕಾದದ್ದೇ.

ಹೊರಬರುವ ದಿನ ಹೇಗಿರುತ್ತದೆ ಎಂದರೆ, ಸಿಪ್ಪೆಯ ಮೇಲೆ ಬ್ಲೇಡಿನಿಂದ ಎಳೆದ ಹಾಗೆ ಒಂದು ಸೀಳು ಕಾಣುತ್ತದೆ. ಮರಿಯ ಮೂಗಿನ ತುದಿಯಲ್ಲಿ ಇದಕ್ಕೆಂದೇ ಇರುವ ಸಣ್ಣ ಹಲ್ಲಿನ ಕೆಲಸ ಅದು. ಸೀಳಿನಿಂದ ಸ್ವಲ್ಪ ಲೋಳೆ ಇಳಿಯುತ್ತದೆ, ಆಮೇಲೆ ಹುಣಸೆ ಬೀಜದಷ್ಟು ಮೂತಿ ಹೊರಗೆ ಬಂದು ಅಲ್ಲೇ ನಿಲ್ಲುತ್ತದೆ. ಲೋಳೆಯಲ್ಲಿ ಒಂದು ಗುಳ್ಳೆ ಉಬ್ಬುತ್ತದೆ, ಒಡೆಯುತ್ತದೆ, ಉಸಿರಾಟ ಶುರುವಾಯಿತು. ನೀವು ಬಗ್ಗಿದರೆ ಮೂತಿ ಒಳಗೆ ಹೋಗುತ್ತದೆ. ಹೀಗೆ ಒಂದು ದಿನ, ಕೆಲವು ಸಲ ಎರಡು ದಿನ. ಈ ಹೊತ್ತಿನಲ್ಲಿ ಅದು ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಪಾಪ, ಸಿಕ್ಕಿಹಾಕಿಕೊಂಡಿದೆ ಎಂದು ಎಳೆದರೆ ಹೊಕ್ಕಳು ಹರಿದು ಸಾಯುತ್ತದೆ. ಕೆಲವರು 55ನೇ ದಿನ ತಾವೇ ಕತ್ತರಿ ಹಿಡಿದು ತತ್ತಿ ಕೊಯ್ಯುತ್ತಾರೆ, ಒಳಗಿನ ಬಣ್ಣ ನೋಡುವ ಆತುರ. ನೀವು ಆ ಚಟಕ್ಕೆ ಬೀಳಬೇಡಿ. ಉಳಿದವು ಸೀಳಿ ಎರಡು ದಿನವಾದರೂ ಒಂದು ಮಾತ್ರ ಅಲ್ಲಾಡದಿದ್ದರೆ, ಆಗ ಪಶುವೈದ್ಯರ ಎದುರಿಗೇ ನೆತ್ತಿಯ ಮೇಲೆ ಉಗುರಗಲ ಕಿಂಡಿ ಮಾಡಿಸಬಹುದು.

ಮರಿಗಳನ್ನು ಒಂದೊಂದೇ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಕಿ ಇಡಿ. ಒಂದರಿಂದ ಎರಡು ವಾರದಲ್ಲಿ ಮೊದಲ ಪೊರೆ ಬಿಡುತ್ತವೆ, ಅಲ್ಲಿಯವರೆಗೆ ನೀರು ಸಾಕು. ಆಮೇಲೆ ತನ್ನ ನಡುವಿನಷ್ಟೇ ದಪ್ಪದ ಇಲಿಮರಿ, ವಾರಕ್ಕೊಂದು. ಇಲ್ಲಿ ನಿಂತು ಲೆಕ್ಕ ಹಾಕಿ: ಐದು ಮರಿಗೆ ತಿಂಗಳಿಗೆ ಇಪ್ಪತ್ತಕ್ಕೂ ಹೆಚ್ಚು ಇಲಿಮರಿ, ಒಂದೊಂದು ಹಾವಿಗೆ 20ರಿಂದ 30 ವರ್ಷ ಆಯಸ್ಸು. ಅಷ್ಟು ಇಲಿ ಎಲ್ಲಿಂದ ತರುತ್ತೀರಿ, ಮರಿ ಯಾರಿಗೆ ಕೊಡುತ್ತೀರಿ ಎನ್ನುವುದು ಜೂನ್‌ನಲ್ಲಿ ಯೋಚಿಸುವ ವಿಷಯವಲ್ಲ. ಆಗುವುದಿಲ್ಲ ಅನ್ನಿಸಿದರೆ ಈಗಲೇ, ಭ್ರೂಣ ಬೆಳೆಯುವ ಮೊದಲೇ, ತತ್ತಿಗಳನ್ನು ಫ್ರೀಜರ್‌ನಲ್ಲಿಟ್ಟು ಮುಗಿಸುವುದು ಪಾಪವಲ್ಲ. ಕೆರೆ ದಂಡೆಗೆ ಮರಿ ಬಿಡುವುದು ಮಾತ್ರ ಎಂದೂ ಕೂಡದು.

ಜೋಡಿಯ ನೋಂದಣಿ ಮಾಡಿಸಿದ್ದೀರಿ, ಒಳ್ಳೆಯದು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ನೋಂದಣಿ ನಿಯಮ ಬಂದದ್ದು 2024ರ ಫೆಬ್ರವರಿ ಕೊನೆಗೆ. ಅದರ ಪ್ರಕಾರ ಮರಿ ಹುಟ್ಟಿದ್ದನ್ನೂ, ಬೇರೆಯವರಿಗೆ ಕೊಟ್ಟದ್ದನ್ನೂ ಪರಿವೇಶ್‌ನಲ್ಲಿ ದಾಖಲಿಸಬೇಕು. ತತ್ತಿ ಇಟ್ಟ ದಿನ, ಒಡೆದ ದಿನ, ಸಂಖ್ಯೆ, ತೂಕ ಒಂದು ವಹಿಯಲ್ಲಿ ಬರೆದಿಡಿ, ಫೋಟೊ ತೆಗೆದಿಡಿ. ನೆನಪಿರಲಿ, ಇಲ್ಲಿ ಹೇಳಿದ ಯಾವುದೂ ಹೊಲದಲ್ಲಿ ಸಿಕ್ಕ ತತ್ತಿಗೆ ಅನ್ವಯಿಸುವುದಿಲ್ಲ. ನಮ್ಮ ಹೆಬ್ಬಾವು ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಅದರ ತತ್ತಿ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ಫೋನ್ ಮಾಡಿ.

ನೀವು ತಾಯಿಯ ಬಗ್ಗೆ ಏನೂ ಕೇಳಲಿಲ್ಲ. ತತ್ತಿ ಹೊತ್ತ ಹೆಣ್ಣು ತಿಂಗಳುಗಟ್ಟಲೆ ಉಪವಾಸ ಇರುತ್ತದೆ, ಈಗ ಚರ್ಮ ಜೋತು ಬೆನ್ನುಮೂಳೆ ಎದ್ದು ಕಾಣುತ್ತಿರಬಹುದು. ತತ್ತಿಯ ವಾಸನೆ ಇರುವವರೆಗೂ ಅದು ಖಾಲಿ ಜಾಗಕ್ಕೇ ಸುರುಳಿ ಹಾಕಿ ಕೂತು ಊಟ ಬಿಡುತ್ತದೆ. ಅದರ ಗೂಡಿನ ಹಾಸನ್ನೆಲ್ಲ ಬದಲಿಸಿ, ನೀರಿನ ತಟ್ಟೆ ತೊಳೆದು, ಹಾವಿಗೆ ಉಗುರು ಬೆಚ್ಚಗಿನ ನೀರಿನಲ್ಲಿ ಮೈ ತೊಳೆಸಿ ಬಿಡಿ. ಎರಡು ದಿನ ಬಿಟ್ಟು ಯಾವಾಗಲೂ ಕೊಡುವುದಕ್ಕಿಂತ ಸಣ್ಣ ಇಲಿ ಒಂದನ್ನು ಸಂಜೆ ಹೊತ್ತು ಇಟ್ಟು ನೋಡಿ.